ತುಕ್ಕು ಕೆರೆಯುವವಳು

ಸ್ಕಾಲಾದ ಹಡಗುಕಟ್ಟೆಯಲ್ಲಿ ಹದಿನಾಲ್ಕು ವರ್ಷ
ಟ್ರಾಲರುಗಳ ಹೊಟ್ಟೆ ಕೆರೆದವಳು ನಾನು.
ಸಂಜೆ ಮೂಗು ಸೀದಿದರೆ ಕೆಂಪು,
ಕಿವಿಯ ಹಿಂದೆ ಕೆಂಪು,
ರೊಟ್ಟಿಯ ಮೇಲೆ ಬಿದ್ದ ಬೆರಳಚ್ಚೂ ಕೆಂಪು.
ಮೈಗೆಲ್ಲ ಕಬ್ಬಿಣ ಮೆತ್ತಿಕೊಂಡು ಬಂದವಳ
ರಕ್ತದಲ್ಲಿ ಕಬ್ಬಿಣವಿಲ್ಲ ಎಂದು
ಟೋರ್ಶಾವ್ನ್ ಆಸ್ಪತ್ರೆಯ ಚೀಟಿ ಹೇಳಿದಾಗ
ನಕ್ಕೆ.
ನಗುವುದಕ್ಕೂ ಎರಡು ಸಲ ಉಸಿರೆಳೆಯಬೇಕಾಯಿತು.

ಕರುಳಿನ ಕಾಟ ಮೊದಲೇ ಇತ್ತು.
ನಮ್ಮ ದ್ವೀಪಗಳಲ್ಲಿ ಅದೇನು ಹೊಸತಲ್ಲ,
ಯಾವ ಅಂಗಡಿಯವರು ಕೇಳದೆಯೇ
ಒಳಗಿನ ಬಾಗಿಲು ತೆರೆದು ಬಿಡುತ್ತಾರೆಂದು
ಬೀದಿಗೊಬ್ಬರಿಗಾದರೂ ಗೊತ್ತು.
ಆದರೆ ಇದು ಬೇರೆ.
ಮನೆಯ ಮೆಟ್ಟಿಲು ರಾತ್ರೋರಾತ್ರಿ ಎತ್ತರವಾಗಿದ್ದವು.
ಹೆಣೆಯುವ ಸೂಜಿ ದೋಣಿಯ ಹುಟ್ಟಿನಷ್ಟು ಭಾರ.
ಐಸ್ ಕಡಿಯುವ ಹುಚ್ಚೊಂದು ಹಿಡಿಯಿತು,
ಮೀನಿನ ಪೆಟ್ಟಿಗೆಯಿಂದ ಕದ್ದು ಜೇಬಿಗಿಳಿಸಿ
ಕಟುಂ ಕಟುಂ.

ಮಾತ್ರೆ ಕೊಟ್ಟರು. ಹೊಟ್ಟೆಗೆ ಬೆಂಕಿ,
ಕಕ್ಕಸಿಗೆ ಡಾಂಬರು, ರಕ್ತಕ್ಕೆ ಏನೂ ಇಲ್ಲ.

ಟೂರಿ ಡಾಕ್ಟರು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದರು:
ಗಾಳಿಗೆ ತೂಗುಹಾಕಿದ ಕುರಿತೊಡೆಯಂಥ ಲಿವರು,
ಅದರಿಂದ ಹೊರಟ ಒಂದು ಬಾಣ.
"ಹೆಪ್ಸಿಡಿನ್. ಒಂದು ಹಾರ್ಮೋನು, ಇಷ್ಟೇ ಇಷ್ಟು.
ಕಬ್ಬಿಣ ಹೊರಬರುವ ಬಾಗಿಲುಗಳಿಗೆಲ್ಲ
ಬೀಗ ಜಡಿಯುವ ಕೆಲಸ ಅದರದ್ದು.
ಗಾಯದಿಂದ ಸೋರಿದ್ದು ಸೋರಿತು, ಬೈಂಟಾ,
ಉಳಿದದ್ದು ಕಣಜದಲ್ಲೇ ಕೂತಿದೆ. ಕೊಡುತ್ತಿಲ್ಲ."

ಕಡಲು ಕೊಟ್ಟರೂ ಉಗ್ರಾಣದವನು ಕೊಡ.

ಯಾಕಂತೆ?
"ಉರಿ ಕಂಡಿತಲ್ಲ. ಉರಿ ಎಂದರೆ ಅದರ ಲೆಕ್ಕದಲ್ಲಿ ವೈರಿ.
ರೋಗಾಣುವಿಗೂ ಕಬ್ಬಿಣ ಬೇಕು,
ಹಸಿದು ಸಾಯಲಿ ಎಂದು ಮುಚ್ಚಿಬಿಟ್ಟಿತು."
ಹಾಗಾದರೆ ಯಾರು ಬಂದಿದ್ದಾರೆ?
ಅವರು ಪೆನ್ನಿನ ಮುಚ್ಚಳ ಹಾಕಿದರು.
"ಯಾರೂ ಇಲ್ಲ. ನೀನೇ."

ವಾಪಸು ಬಸ್ಸಿನಲ್ಲಿ, ಕಡಲಡಿಯ ಸುರಂಗದಲ್ಲಿ
ಅಜ್ಜಿ ಎಲ್ಸ್ಪಾ ನೆನಪಾದಳು.
ಆಕಾಶದಿಂದ ಬೆಂಕಿ ಬಿದ್ದ ವರ್ಷ
ಕಿಟಕಿಗೆ ಕರಿಕಂಬಳಿ ಬಿಗಿದವಳು,
ಹಿಟ್ಟಿನ ಡಬ್ಬಕ್ಕೆ ಬೀಗ ಹಾಕಿ ಕೈಯನ್ನು ಸೊಂಟಕ್ಕೆ ಸಿಕ್ಕಿಸಿದವಳು.
ನಾನು ಹುಟ್ಟಿ ಶಾಲೆಗೆ ಹೋಗುವ ಹೊತ್ತಿಗೂ
ಡೆನ್ಮಾರ್ಕಿನಿಂದ ಕಾಗದ ತರುವ
ಬಡಪಾಯಿ ವಿಮಾನ ಗುಡುಗಿದರೆ ಸಾಕು,
ಎದ್ದು ಹೋಗಿ ಕಂಬಳಿ ಎಳೆಯುತ್ತಿದ್ದಳು.
ಡಬ್ಬದ ತುಂಬ ಹಿಟ್ಟು,
ಖಾಲಿ ತಟ್ಟೆಯ ಮುಂದೆ ನಾವು.
ಮುಗಿದು ಎಷ್ಟೋ ಕಾಲವಾಯಿತಲ್ಲಜ್ಜಿ ಎಂದರೆ
"ಯಾರು ಹೇಳಿದರು?"

ರೇಡಿಯೋ ಹೇಳಿತ್ತು.
ಆದರೆ ಅದು ಬೇರೆಯವರ ಯುದ್ಧದ ಸುದ್ದಿ.
ಅವಳ ಬಾಗಿಲಿಗೆ ಬಂದು
ಯಾರೂ ಹೇಳಿರಲಿಲ್ಲ.

ಗುರುವಾರ ಕುರ್ಚಿಯಲ್ಲಿ ಒರಗಿಸಿ ತೋಳಿಗೆ ಕೊಳವೆ ಚುಚ್ಚಿದರು.
ಚೀಲದಲ್ಲಿ ಗಟ್ಟಿ ಚಹಾದ ಬಣ್ಣದ ಕಬ್ಬಿಣ.
ಇದೇ ಬಣ್ಣವನ್ನಲ್ಲವೆ ನಾನು ಕೆರೆದು ಕೆರೆದು
ಹದಿನಾಲ್ಕು ವರ್ಷ ನೀರಿಗೆ ಬಿಟ್ಟದ್ದು!
ಪಕ್ಕದ ಕುರ್ಚಿಯ ಮುದುಕ ಕಣ್ಣು ತೆರೆದು
"ತುಕ್ಕು" ಎಂದ, ಗುರುತಿನವರನ್ನು ಕಂಡ ಹಾಗೆ,
ಮತ್ತೆ ನಿದ್ದೆಗೆ ಜಾರಿದ.
ಬಾಗಿಲಿನ ಗೊಡವೆಗೆ ಹೋಗದೆ
ಚಾವಣಿಯ ಹುಲ್ಲು ಸರಿಸಿ ಇಳಿದ ಕಳ್ಳನಂತೆ
ಹನಿ ಹನಿಯಾಗಿ ಒಳಗಿಳಿಯಿತು.
ಉರಿ ಆರಲು ಬೇರೆ ಸೂಜಿ ಇದೆ.
ಅದು ಆರಿದರೆ ಬೀಗವೂ ಸಡಿಲವಾಗುತ್ತದಂತೆ,
ಬೈದರೆ ಆಗುವುದಿಲ್ಲ.

ಬೈಯಲಿಲ್ಲ.
ರಾತ್ರಿ ಬಲ ಪಕ್ಕೆಲುಬಿನ ಕೆಳಗೆ ಕೈಯಿಟ್ಟು,
ರೇಡಿಯೋದ ಹಾಗಲ್ಲ,
ಹೊಸ್ತಿಲಲ್ಲಿ ಒದ್ದೆ ಬೂಟು ಬಿಚ್ಚಿಟ್ಟು ಒಳಬಂದವಳ ಹಾಗೆ
ಮೆಲ್ಲಗೆ ಹೇಳಿದೆ.
ಕೇಳಿಸಿತೋ ಇಲ್ಲವೋ.

ಮೂರನೆಯ ವಾರ ಮೆಟ್ಟಿಲು ಎಣಿಸಿದೆ.
ಹನ್ನೊಂದು.
ಇಷ್ಟು ದಿನ
ಎಣಿಸುವುದಕ್ಕೆ ಉಸಿರು ಉಳಿದಿರಲಿಲ್ಲ.